ನೀರಿನ ಅಂಚಿನಿಂದ ಮೂವತ್ತು ಹೆಜ್ಜೆ

ನನ್ನ ಹೊಲ ಬೀಳಗಿ ತಾಲ್ಲೂಕಿನಲ್ಲಿದೆ. ಹೆರಕಲ್ ಸೇತುವೆಯಿಂದ ಬೈಕ್ ಮೇಲೆ ಕಾಲು ಗಂಟೆ ದಾರಿ. ಆಲಮಟ್ಟಿ ಅಣೆಕಟ್ಟು ತುಂಬಿ ನೀರು 519.60 ಮೀಟರ್ ಮುಟ್ಟಿದಾಗ ಘಟಪ್ರಭೆಯ ಹಿನ್ನೀರು ನನ್ನ ಬದುವಿನ ಬುಡಕ್ಕೆ ಬಂದು ನಿಲ್ಲುತ್ತದೆ. ಅಪ್ಪನಿಗೆ ಹತ್ತು ಎಕರೆ ಎರೆ ಹೊಲ ಇತ್ತು. ನಾಲ್ಕು ಎಕರೆ ಮುಳುಗಡೆಗೆ ಹೋಯಿತು. ಉಳಿದ ಆರರಲ್ಲಿ ಕೆಳಗಿನ ಮೂರು ಎಕರೆ ಅತ್ತ ಮುಳುಗಲೂ ಇಲ್ಲ, ಇತ್ತ ಒಣಗಲೂ ಇಲ್ಲ. ಜವಳು ಹಿಡಿಯಿತು.

ಸವಳು-ಜವಳು ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು, ಮಳೆಗಾಲದಲ್ಲಿ ಮೊಣಕಾಲುದ್ದ ರಾಡಿ. ಅಲ್ಲಿ ನಾನು ಏಳು ವರ್ಷ ಕಬ್ಬು ಹಾಕಿದೆ. ಕಬ್ಬು ಸೊಂಟದೆತ್ತರಕ್ಕೆ ಬಂದು ಹಳದಿ ಆಗಿ ನಿಂತುಬಿಡುತ್ತಿತ್ತು. ಗೊಬ್ಬರದಂಗಡಿಯವರು ಇನ್ನೊಂದು ಚೀಲ ಹಾಕಿ ಅನ್ನುತ್ತಿದ್ದರು, ಹಾಕುತ್ತಿದ್ದೆ. ಆ ಯೂರಿಯಾ ಎಲ್ಲ ಎಲ್ಲಿಗೆ ಹೋಯಿತು ಅಂತ ಆಗ ಯೋಚಿಸಲಿಲ್ಲ. ಕೆಳಗೆ ಹೊಳೆಗೇ ಹೋಯಿತು, ಮತ್ತೆಲ್ಲಿಗೆ? ಮೇಲಿನ ಊರಿನ ಕೆಲವರು ನೆಲದೊಳಗೆ ಪೈಪ್ ಹಾಕಿಸಿ ನೀರು ಬಸಿದು ಹೊಲ ಉಳಿಸಿಕೊಂಡಿದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ಬಸಿದ ನೀರು ಇಳಿದು ಹೋಗಲು ತಗ್ಗು ಬೇಕಲ್ವಾ? ನನ್ನ ಹೊಲದ ತಗ್ಗಿನಲ್ಲಿ ಹಿನ್ನೀರೇ ಕೂತಿದೆ.

2019ರ ಆಗಸ್ಟ್‌ ಮಹಾಪೂರದಲ್ಲಿ ಘಟಪ್ರಭೆ ಆ ಮೂರು ಎಕರೆಯನ್ನು ಪೂರ್ತಿ ನುಂಗಿತು. ನೀರು ಇಳಿದ ಮೇಲೆ ಕಬ್ಬಿನ ಬೇರೂ ಉಳಿದಿರಲಿಲ್ಲ. ದೀಪಾವಳಿ ಹೊತ್ತಿಗೆ ಅಲ್ಲಿ ಗರಿಕೆ, ಜೇಕು ತಾವಾಗಿಯೇ ಎದ್ದವು. ನಮ್ಮ ಎಮ್ಮೆಗಳು ಹಗ್ಗ ಹರಿದುಕೊಂಡು ಅಲ್ಲಿಗೇ ಓಡುತ್ತಿದ್ದವು. ಅವು ಕಂಡದ್ದು ನನಗೆ ಏಳು ವರ್ಷ ಕಂಡಿರಲಿಲ್ಲ. ಕಬ್ಬು ಬಿಟ್ಟೆ. ಆರು ಎಮ್ಮೆ, ಇಪ್ಪತ್ತು ಯಳಗ ಕುರಿ. ಮೂರು ಎಕರೆ ಹುಲ್ಲುಗಾವಲು.

ಶುರುವಿನಲ್ಲಿ ಮಾಡಿದ ತಪ್ಪು ಮೊದಲು ಹೇಳಿಬಿಡುತ್ತೇನೆ. ತಾನಾಗಿ ಬಂದ ಹುಲ್ಲು ಸಾಲದು ಅಂತ ಪ್ಯಾರಾ ಹುಲ್ಲಿನ ಕಡ್ಡಿ ತಂದು ನೆಟ್ಟೆ. ನೀರು ನಿಂತರೂ ಸಾಯದ ಹುಲ್ಲು ಅದು. ಸಾಯಲೂ ಇಲ್ಲ, ನಿಲ್ಲಲೂ ಇಲ್ಲ. ಒಂದೇ ವರ್ಷದಲ್ಲಿ ತೆಳು ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಹಬ್ಬಿತು. ಮೊದಲು ಅಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಸಾಲಾಗಿ ನಿಂತು ಕೆಸರು ಕುಕ್ಕುತ್ತಿದ್ದವು. ಹುಲ್ಲು ಮುಚ್ಚಿದ ಮೇಲೆ ಒಂದೂ ಬರಲಿಲ್ಲ. ಕೊಕ್ಕು ಹಾಕಲು ಕೆಸರೇ ಕಾಣದಿದ್ದರೆ ಅವು ಏನು ತಿನ್ನಬೇಕು?

ಇದಕ್ಕೆ ಮದ್ದೂ ಎಮ್ಮೆಯೇ. ಡಿಸೆಂಬರ್ ಕೊನೆಗೆ ನೆಲ ಸ್ವಲ್ಪ ಗಟ್ಟಿ ಆದಾಗ ಆರೂ ಎಮ್ಮೆಗಳನ್ನು ಆ ತುಂಡಿನಲ್ಲೇ ಹತ್ತು ದಿನ ಕೂಡಿ ಹಾಕಿದೆ. ತಿಂದು, ತುಳಿದು ನೆಲಕ್ಕೆ ಹಚ್ಚಿದವು. ರಾಜಸ್ಥಾನದ ಭರತ್‌ಪುರದ ಕಥೆ ಆಮೇಲೆ ತಿಳಿಯಿತು. ಅಲ್ಲಿನ ಕೇವಲಾದೇವ ಪಕ್ಷಿಧಾಮದಲ್ಲಿ 1982ರಲ್ಲಿ ದನ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರಂತೆ. ಹಕ್ಕಿಗಳಿಗೆ ಒಳ್ಳೆಯದಾಗಲಿ ಅಂತ. ಎಮ್ಮೆ ಹೋದ ಮೇಲೆ ನೀರಿನಲ್ಲಿ ಹುಲ್ಲು ತುಂಬಿಕೊಂಡು ಹಕ್ಕಿಗಳಿಗೇ ಜಾಗ ಇಲ್ಲದಾಯಿತು. ವರ್ಷಗಟ್ಟಲೆ ಅಧ್ಯಯನ ಮಾಡಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೇ, ಆ ಹುಲ್ಲನ್ನು ಹದದಲ್ಲಿ ಇಟ್ಟಿದ್ದು ಎಮ್ಮೆಗಳು ಅಂದರು. ಅದನ್ನು ಕೇಳಿದ ದಿನ ನಮ್ಮ ಎಮ್ಮೆಗೆ ಒಂದು ಹಿಡಿ ಬೆಲ್ಲ ಜಾಸ್ತಿ ಹಾಕಿದೆ.

ಆದರೆ ಎಮ್ಮೆ ಬಿಟ್ಟರೆ ಸಾಕು, ಎಲ್ಲ ಸರಿ ಹೋಗುತ್ತದೆ ಅಂದುಕೊಂಡಿದ್ದು ಎರಡನೇ ತಪ್ಪು. ಜನವರಿಯಿಂದ ಹಿನ್ನೀರು ಇಳಿಯಲು ಶುರು ಆಗುತ್ತದೆ. ಬಿಟ್ಟ ಜಾಗದಲ್ಲಿ ಎಳೆ ಹುಲ್ಲು ಹಸಿರಾಗಿ ಏಳುತ್ತದೆ. ಕುರಿಗಳು ನೀರಿನ ಹಿಂದೆಯೇ ಹೋಗುತ್ತವೆ, ಅಂಚಿನ ಹುಲ್ಲನ್ನೇ ಆರಿಸಿ ತಿನ್ನುತ್ತವೆ. ಚೆನ್ನಾಗಿ ಮೇಯುತ್ತಿವೆ ಅಂತ ನಾನೂ ಸುಮ್ನೆ ನೋಡುತ್ತಾ ಕೂತಿದ್ದೆ. ಯುಗಾದಿ ಮುಂದೆ ಒಂದೊಂದೇ ಕುರಿ ಸೊರಗಿತು. ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಬಿಳಿ. ನಾಲ್ಕು ಸತ್ತವು. ಪಶುವೈದ್ಯರು ಒಂದನ್ನು ಕೊಯ್ದು ಪಿತ್ತಜನಕಾಂಗ ತೋರಿಸಿದರು. ಒಳಗೆ ಎಲೆಯಂಥ ಚಪ್ಪಟೆ ಹುಳ. ಲಿವರ್ ಫ್ಲೂಕ್.

ಅದರ ಬದುಕು ಹೇಗೆ ಅಂತ ಅವರು ಅಲ್ಲೇ ಬದುವಿನ ಮೇಲೆ ಕೂತು ಹೇಳಿದರು. ಹುಳದ ಮೊಟ್ಟೆ ಸಗಣಿ, ಹಿಕ್ಕೆಯ ಜೊತೆ ಹೊರಗೆ ಬರುತ್ತದೆ. ನೀರು ಸಿಕ್ಕರೆ ಒಡೆಯುತ್ತದೆ. ಮರಿ ಈಜಿಕೊಂಡು ಹೋಗಿ ನೀರಿನ ಬಸವನಹುಳದ ಒಳಗೆ ಸೇರುತ್ತದೆ. ಅಲ್ಲಿ ಒಂದು ನೂರಾಗಿ ಹೊರಬಂದು ಅಂಚಿನ ಹುಲ್ಲಿಗೆ ಅಂಟಿಕೊಂಡು ಗಂಟು ಕಟ್ಟುತ್ತದೆ. ಆ ಹುಲ್ಲು ತಿಂದ ಕುರಿಯ ಹೊಟ್ಟೆಯಿಂದ ಮತ್ತೆ ಕಥೆ ಶುರು. ನಾನು ಔಷಧ ಕುಡಿಸಿದ್ದೆನಲ್ಲ ಅಂದೆ. ಕುಡಿಸಿದ್ದು ಆಲ್ಬೆಂಡಜೋಲ್. ಅದು ಬಲಿತ ಹುಳ ಕೊಲ್ಲುತ್ತದೆ, ಮರಿಹುಳ ಉಳಿಯುತ್ತದೆ. ಮರಿಹುಳಕ್ಕೂ ತಾಗುವುದು ಟ್ರೈಕ್ಲಾಬೆಂಡಜೋಲ್. ಅದನ್ನೂ ಸಗಣಿ ಪರೀಕ್ಷೆ ಮಾಡಿಸಿ, ಅವರು ಹೇಳಿದ ಅಳತೆಗೇ ಕೊಡಬೇಕು. ಈಗ ಹಾಗೇ ಮಾಡುತ್ತೇನೆ. ಮೊದಲು ಅಂಗಡಿಯವರು ಕೊಟ್ಟದ್ದನ್ನು ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಸುರಿಯುತ್ತಿದ್ದೆ. ಐವರ್ಮೆಕ್ಟಿನ್ ಥರದ ಔಷಧ ಸಗಣಿಯಲ್ಲೂ ಉಳಿದು ಸಗಣಿ ಹುಳಗಳನ್ನು ಕೊಲ್ಲುತ್ತದೆ ಅನ್ನುವುದು ಕೂಡ ಆಗಲೇ ಗೊತ್ತಾಗಿದ್ದು. ಸಗಣಿ ಉಂಡೆ ಉರುಳಿಸುವ ಹುಳ ನನ್ನ ಹೊಲದಲ್ಲಿ ಯಾಕೆ ಕಡಿಮೆ ಆಗಿತ್ತು ಅಂತ ಬೇರೆ ಯಾರನ್ನೂ ಕೇಳಬೇಕಾಗಲಿಲ್ಲ.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ನೀರು ಮುಂದೆ ಹೋಗಲಿ, ದನ ಮೂವತ್ತು ಹೆಜ್ಜೆ ಹಿಂದೆ ಬರಲಿ. ಪ್ರತಿ ಸೋಮವಾರ ನೀರಿನ ಅಂಚಿನಲ್ಲಿ ಜಾಲಿಯ ಒಂದು ಗೂಟ ಹೊಡೆಯುತ್ತೇನೆ. ಗೂಟದಿಂದ ಹಿಂದಕ್ಕೆ ಮೂವತ್ತು ಹೆಜ್ಜೆ ಎಣಿಸಿ ಅಲ್ಲಿ ಹಗ್ಗ ಕಟ್ಟುತ್ತೇನೆ. ನೀರು ಬಿಟ್ಟ ಜಾಗ ಬಿಸಿಲಿಗೆ ಕಾಯಬೇಕು. ನಮ್ಮ ಮಾರ್ಚ್ ಬಿಸಿಲು ಏನು ಕಡಿಮೆಯೇ? ಹುಲ್ಲಿಗೆ ಅಂಟಿದ ಹುಳದ ಗಂಟು ಒಣಗಿ ಸಾಯುತ್ತದೆ. ಹುಳಕ್ಕಾಗಿ ಶುರು ಮಾಡಿದ ಈ ಮೂವತ್ತು ಹೆಜ್ಜೆಯಿಂದ ಇನ್ನೂ ಎರಡು ಕೆಲಸ ಆದವು. ಹಸಿ ನೆಲವನ್ನು ಗೊರಸು ಕಲಸುವುದು ನಿಂತಿತು. ಎರೆ ಮಣ್ಣನ್ನು ಹಸಿಯಲ್ಲಿ ತುಳಿಸಿದರೆ ಒಣಗಿದಾಗ ಕಲ್ಲಿನಂಥ ಹೆಂಟೆ, ಅದರ ಮೇಲೆ ಹುಲ್ಲು ಎರಡು ವರ್ಷ ಸರಿಯಾಗಿ ಏಳುವುದಿಲ್ಲ. ಮತ್ತೆ ಆ ಮೂವತ್ತು ಹೆಜ್ಜೆಯ ಕೆಸರು ಪೂರ್ತಿ ಹಕ್ಕಿಗಳ ಪಾಲಾಯಿತು. ಮೆಟ್ಟುಗಾಲು ಹಕ್ಕಿ ವಾಪಸು ಬಂತು. ಬಣ್ಣದ ಕೊಕ್ಕರೆ ಬಂದವು. ಆಚೆ ತೆಳು ನೀರಿನಲ್ಲಿ ರಾಜಹಂಸಗಳು ತಲೆ ಕೆಳಗೆ ಮಾಡಿ ನಿಂತಿರುತ್ತವೆ. ಅವುಗಳ ಫೋಟೋ ತೆಗೆಯಲು ಬಾಗಲಕೋಟೆಯಿಂದ ಕಾರು ಬರುತ್ತವೆ. ಕಾರು ನೀರಿನ ತನಕ ಇಳಿಸಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ. ಎಮ್ಮೆ ನನ್ನ ಮಾತು ಕೇಳುತ್ತದೆ, ಇವರು ಕೇಳುವುದಿಲ್ಲ.

ನೆಲದ ಹದ ನೋಡಲು ಯಂತ್ರ ಬೇಡ. ಚಪ್ಪಲಿ ಬಿಟ್ಟು ಹಿಮ್ಮಡಿ ಊರಿ ತಿರುಗಿಸಿ. ಕುಳಿಯಲ್ಲಿ ನೀರು ಒಸರಿದರೆ ಅವತ್ತು ದನ ಬಿಡಬೇಡಿ, ಕೊಟ್ಟಿಗೆಯಲ್ಲೇ ಕಣಿಕೆ ಹಾಕಿ. ಹುಲ್ಲು ಗೇಣು ಬೆಳೆದಾಗ ಬಿಡುತ್ತೇನೆ, ನಾಲ್ಕು ಬೆರಳು ಉಳಿದಾಗ ಹೊಡೆದುಕೊಂಡು ಬರುತ್ತೇನೆ. ಮೂರು ಎಕರೆಯನ್ನು ನಾಲ್ಕು ತುಂಡು ಮಾಡಿದ್ದೇನೆ. ಚಳಿಗಾಲಕ್ಕೆ ಮಾತ್ರ ಒಂದು ತುಂಡನ್ನು ಬೇಕೆಂದೇ ಗಿಡ್ಡವಾಗಿ ಮೇಯಿಸುತ್ತೇನೆ. ಪಟ್ಟೆತಲೆ ಹೆಬ್ಬಾತುಗಳಿಗೆ ಗಿಡ್ಡ ಎಳೆ ಹುಲ್ಲೇ ಬೇಕು. ಹಿಮಾಲಯ ದಾಟಿ ಬಂದ ಆ ಹೆಬ್ಬಾತುಗಳು ಪಕ್ಕದವರ ಕಡಲೆ ಹೊಲಕ್ಕೆ ಇಳಿದರೆ ಬೈಗುಳ ನನಗೆ. ಇಲ್ಲಿ ಹುಲ್ಲು ಸಿಕ್ಕರೆ ಅಷ್ಟರ ಮಟ್ಟಿಗೆ ಕಡಲೆ ಉಳಿಯುತ್ತದೆ.

ಎಮ್ಮೆಗೆ ಹೊರಳಾಡಲು ನೀರು ಬೇಕೇ ಬೇಕು. ಹಳೆಯ ಕಬ್ಬಿನ ಕಾಲುವೆಯ ತುದಿಯಲ್ಲಿ ಒಂದು ಹೊಂಡ ತೋಡಿ ಕೊಟ್ಟೆ. ಕುಡಿಯಲು ಮೇಲಿನ ಗಟ್ಟಿ ನೆಲದಲ್ಲಿ ಸಿಮೆಂಟಿನ ಬಾನಿ. ಬಾನಿ ಇಟ್ಟ ಮೇಲೆ ಹಿನ್ನೀರಿಗೆ ಸಗಣಿ ಬೀಳುವುದು ತಾನಾಗಿ ಕಡಿಮೆ ಆಯಿತು. ತಿಪ್ಪೆಯನ್ನೂ ಮೇಲಕ್ಕೆ ಒಯ್ದೆ. ಕೆಳ ಹೊಲಕ್ಕೆ ಯೂರಿಯಾ ಒಂದು ಕಾಳೂ ಹಾಕುವುದಿಲ್ಲ. ಬೇಷರಮ್ ಗಿಡ, ಪೀಕಜಾಲಿ ಎರಡನ್ನೂ ಬೇರು ಸಮೇತ ಕೀಳುತ್ತಲೇ ಇರಬೇಕು, ಅದು ಮುಗಿಯುವ ಕೆಲಸ ಅಲ್ಲ. ಮುಳ್ಳುತಂತಿಯಲ್ಲಿ ಒಂದು ರಾತ್ರಿ ಗೂಬೆ ಸಿಕ್ಕಿಕೊಂಡು ರೆಕ್ಕೆ ಹರಿದುಕೊಂಡಿತ್ತು. ಆ ಮುಳ್ಳುತಂತಿ ಕಿತ್ತು, ಮುಟ್ಟಿದರೆ ಸಣ್ಣ ಶಾಕ್ ಕೊಡುವ ಸೋಲಾರ್ ಝಟಕಾ ಬೇಲಿ ಹಾಕಿಸಿದೆ. ತಂತಿಗೆ ಹಳೇ ಸೀರೆಯ ಬಿಳಿ ಚೂರು ಕಟ್ಟಿದ್ದೇನೆ, ಹಕ್ಕಿಗೆ ಕಾಣಲಿ ಅಂತ.

ಗೂಡುಗಳ ವಿಷಯ ಬೇರೆ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ, ಬಯಲಲ್ಲೇ ನೆಲ ಕೆರೆದು ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಮೊಟ್ಟೆ, ಕಾಲ ಕೆಳಗೆ ಬಂದರೂ ಕಾಣುವುದಿಲ್ಲ. ಮೊದಲ ವರ್ಷ ನಾನು ಬಹಳ ಕಾಳಜಿ ಮಾಡಿ ಪ್ರತಿ ಗೂಡಿನ ಸುತ್ತ ಕಲ್ಲಿಟ್ಟು, ಕೆಂಪು ಬಟ್ಟೆಯ ಕೋಲು ನೆಟ್ಟೆ. ಐದು ಗೂಡು. ಮೂರೇ ದಿನದಲ್ಲಿ ಐದೂ ಖಾಲಿ. ಕಾಗೆಗೂ ನಾಯಿಗೂ ಮೊಟ್ಟೆ ಎಲ್ಲಿದೆ ಅಂತ ನಾನೇ ಬೋರ್ಡ್ ಹಾಕಿ ತೋರಿಸಿದ್ದೆ. ಈಗ ಗುರುತು ಹಾಕುವುದಿಲ್ಲ. ಮಾರ್ಚ್‌ನಲ್ಲಿ ಎರಡು ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತಿದವು ಅಂದರೆ ಆ ತುಂಡನ್ನೇ ಕಾರ ಹುಣ್ಣಿಮೆವರೆಗೆ ಬಿಟ್ಟುಬಿಡುತ್ತೇನೆ. ಒಂದು ತುಂಡು ಹೋಯಿತು ಅಂದ್ರೆ ಆ ಮೂರು ತಿಂಗಳು ಮೇವು ಕೊಳ್ಳಬೇಕು. ಅದು ನಷ್ಟವೇ, ಮುಚ್ಚಿಡುವುದಿಲ್ಲ. ಆದರೆ ಜೂನ್‌ನಲ್ಲಿ ಆ ತುಂಡಿನ ಹುಲ್ಲು ಬೀಜ ಉದುರಿಸಿ ದಟ್ಟವಾಗಿ ಏಳುತ್ತದೆ, ಸ್ವಲ್ಪ ವಾಪಸು ಬರುತ್ತದೆ.

ನನ್ನ ಬದುವಿನ ಕೆಳಗಿನದು ಸ್ವಾಧೀನ ಆದ ಜಾಗ, ನನ್ನದಲ್ಲ. ಅಲ್ಲಿ ಬೇಲಿ ಹಾಕುವ ಅಧಿಕಾರ ನನಗಿಲ್ಲ. ಬೇಸಿಗೆಯಲ್ಲಿ ಕುರುಬರ ನೂರಾರು ಕುರಿ ಬರುತ್ತವೆ. ನೀರು ಇಳಿದಾಗ ನಡುಗಡ್ಡೆಗಳು ಏಳುತ್ತವೆ, ಅವುಗಳ ಮೇಲೆ ಹೊಳೆ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ನೀರು ಇನ್ನೂ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಳ್ಳುತ್ತದೆ. ಆಗ ನಾಯಿಗಳು ನಡೆದೇ ಹೋಗುತ್ತವೆ. ಮೊದಲು ನಾನು ಕುರುಬರ ಜೊತೆ ಜಗಳ ಮಾಡಿದೆ. ಉಪಯೋಗ ಆಗಲಿಲ್ಲ. ಅವರ ಅಜ್ಜಂದಿರು ಅದೇ ದಾರಿಯಲ್ಲಿ ಬಂದವರು, ಅವರ ದಾರಿಯೇ ಮುಳುಗಿದೆ. ಆಮೇಲೆ ಒಬ್ಬ ಹಿರಿಯರ ಜೊತೆ ಚಹಾ ಕುಡಿಯುತ್ತಾ ಒಂದು ಮಾತು ಆಡಿಕೊಂಡೆವು. ಅವರು ನನ್ನ ಮೇಲಿನ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರ ಆಗುತ್ತದೆ. ನಾನು ಜೋಳ, ದುಡ್ಡು ಕೊಡುತ್ತೇನೆ, ಬಾನಿಯಲ್ಲಿ ನೀರು ಕೊಡುತ್ತೇನೆ. ಅವರು ಏಪ್ರಿಲ್, ಮೇನಲ್ಲಿ ನಡುಗಡ್ಡೆ ಕಡೆ ಕುರಿ ಇಳಿಸುವುದಿಲ್ಲ, ನಾಯಿ ಕಟ್ಟುತ್ತಾರೆ. ಮೂರು ವರ್ಷದಲ್ಲಿ ಎರಡು ವರ್ಷ ಮಾತು ನಡೆಯಿತು. ಒಂದು ವರ್ಷ ಬೇರೆ ಹಿಂಡು ಬಂತು, ರೀವಗಳ ಒಂದು ಮರಿಯೂ ಉಳಿಯಲಿಲ್ಲ.

ದುಡ್ಡಿನ ಮಾತು ಎಲ್ಲರೂ ಕೇಳುತ್ತಾರೆ. ಹಾಲು ಡೇರಿಗೆ ಹೋಗುತ್ತದೆ, ಕುರಿಮರಿ ಸಂತೆಗೆ. ಮೇಲಿನ ಮೂರು ಎಕರೆಯ ಜೋಳ, ಕಡಲೆಗೆ ಗೊಬ್ಬರ ಕೊಳ್ಳುವುದಿಲ್ಲ. ಒಳ್ಳೆಯ ನೆಲದ ಕಬ್ಬಿನಷ್ಟು ಸಿಗುತ್ತದೆ ಅಂದರೆ ಸುಳ್ಳಾಗುತ್ತದೆ. ಜವಳಿನ ಕಬ್ಬಿಗೆ ಮಾಡುತ್ತಿದ್ದ ಸಾಲ ಮಾತ್ರ ಈಗ ಇಲ್ಲ.

ಪಕ್ಕದ ಹೊಲದವನು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು 2010ರಲ್ಲೇ ಕೃಷ್ಣಾ ನದಿ ನೀರು ಹಂಚುವ ನ್ಯಾಯಮಂಡಳಿ ಒಪ್ಪಿದೆ. ಹಾಗೆ ಏರಿಸಿದ ದಿನ ನಿನ್ನ ಗೂಟ, ಬಾನಿ, ಹುಲ್ಲು ಎಲ್ಲ ನೀರಿನ ಕೆಳಗೆ, ಯಾಕೆ ಇಷ್ಟು ಒದ್ದಾಡುತ್ತೀ ಅಂತ. ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಎಮ್ಮೆಗೆ ಇವತ್ತು ಸಂಜೆಗೆ ಹೊಟ್ಟೆ ತುಂಬಬೇಕು.

ಈ ಸಲ ಎಳ್ಳಮವಾಸ್ಯೆಗೆ ಚರಗ ಚೆಲ್ಲಿ ಬಂದ ಮೇಲೆ ಮೊದಲ ಗೂಟ ಹೊಡೆದೆ. ಮೊನ್ನೆ ಸೋಮವಾರಕ್ಕೆ ಐದನೆಯದು. ನಾಲ್ಕನೇ ಗೂಟದ ಹತ್ತಿರ ಪ್ಯಾರಾ ಹುಲ್ಲಿನ ಒಂದು ಬುಡ್ಡೆ ಮತ್ತೆ ತಲೆ ಎತ್ತಿದೆ. ನೆಲ ಇನ್ನೂ ಒಸರುತ್ತಿದೆ, ಎಮ್ಮೆ ಬಿಡುವ ಹಾಗಿಲ್ಲ. ನಾಳೆ ಕುಡುಗೋಲು ತೆಗೆದುಕೊಂಡು ನಾನೇ ಇಳಿಯಬೇಕು.