ಶೆಫೀಲ್ಡಿನ ಹಿತ್ತಲಲ್ಲಿ ಬಾಳೆ ಉಳಿಸಿಕೊಂಡ ಬಗೆ

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬಾಳೆಯನ್ನು ಹೊರಗಡೆ, ನೆಲದಲ್ಲೇ ಬೆಳೆಯಬಹುದು. ಗಾಜಿನ ಮನೆ ಬೇಡ, ಹೀಟರ್ ಬೇಡ. ಆದರೆ ಅದು ಪುಟ್ಟಬಾಳೆಯಲ್ಲ, ಏಲಕ್ಕಿಯೂ ಅಲ್ಲ. ಮ್ಯೂಸಾ ಬಾಸ್ಜೂ ಅಂತ ಒಂದು ಜಾತಿ. ಮೂಲ ದಕ್ಷಿಣ ಚೀನಾ, ಕರೆಯುವುದು ಮಾತ್ರ ಜಪಾನಿ ಬಾಳೆ ಅಂತ. ಗೊನೆ ಬಿಟ್ಟರೂ ಕಾಯಿ ತಿನ್ನಲು ಬರುವುದಿಲ್ಲ. ನನಗೆ ಬೇಕಾಗಿದ್ದು ಎಲೆ. ಬೇಸಿಗೆಯಲ್ಲಿ ಅಡುಗೆಮನೆ ಕಿಟಕಿಯಿಂದ ನೋಡಿದರೆ ಹಸಿರು ಬಾಳೆ ಎಲೆ ಕಾಣಬೇಕು, ಹಬ್ಬದ ದಿನ ನಾಲ್ಕು ಎಲೆ ಕೊಯ್ದು ಊಟ ಬಡಿಸಬೇಕು, ಅಷ್ಟೇ. ಎಲೆ ನಮ್ಮೂರಿನದಕ್ಕಿಂತ ಸ್ವಲ್ಪ ತೆಳು. ಸಾರು ಹರಿಯದ ಹಾಗೆ ಎರಡು ಎಲೆ ಜೋಡಿಸಿ ಹಾಕಿದರೆ ಆಯಿತು.

ಇಲ್ಲಿ ಒಂದು ತಮಾಷೆ ಇದೆ. ನಮ್ಮ ಕಡೆ ರೈತರು ಜಿ-9 ಅಂತ ನೆಡುವ ಬಾಳೆ ಕ್ಯಾವೆಂಡಿಶ್ ಗುಂಪಿಗೆ ಸೇರಿದ್ದು. ಆ ಹೆಸರು ಡೆವನ್‌ಶೈರಿನ ಡ್ಯೂಕ್ ಮನೆತನದ್ದು. ಅವರ ಚಾಟ್ಸ್‌ವರ್ತ್ ಬಂಗಲೆ ಶೆಫೀಲ್ಡಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಬಿಸಿ ಗಾಜಿನ ಮನೆಯೊಳಗೆ ಆ ಬಾಳೆಯನ್ನು ಬೆಳೆಸಿ ಗೊನೆ ತೆಗೆದಿದ್ದ. ಡ್ಯೂಕರ ಹತ್ತಿರ ದುಡ್ಡಿತ್ತು, ಒಲೆಗೆ ಹಾಕಲು ಕಲ್ಲಿದ್ದಲಿತ್ತು. ನನ್ನ ಹತ್ತಿರ ಇರುವುದು ಒಣಹುಲ್ಲು.

ಗಿಡ ಸಾಯುವುದು ಚಳಿಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಜಾಸ್ತಿ ಗಿಡ ಕೊಲ್ಲುವುದು ಚಳಿಗಾಲದ ನೀರು. ನಾನು ತೀರ್ಥಹಳ್ಳಿ ಕಡೆಯವನು. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯ ಮಳೆ ಪಕ್ಕದಲ್ಲೇ ಇತ್ತು. ಶೆಫೀಲ್ಡಿನ ಮಳೆ ವರ್ಷವಿಡೀ ಸೇರಿದರೂ 800 ಮಿ.ಮೀ. ಆಸುಪಾಸು. ನಮಗೆ ಇದು ಮಳೆಯೇ ಅಲ್ಲ. ಆದರೆ ಮಲೆನಾಡಿನಲ್ಲಿ ಮಳೆ ಬೀಳುವಾಗ ಗಿಡ ಎಚ್ಚರವಾಗಿರುತ್ತದೆ, ನೀರು ಕುಡಿಯುತ್ತದೆ, ಬೆಳೆಯುತ್ತದೆ. ಇಲ್ಲಿ ನವೆಂಬರಿನಿಂದ ಮಾರ್ಚಿನ ತನಕ ಗಿಡ ನಿದ್ದೆಯಲ್ಲಿರುತ್ತದೆ. ಬೇರು ನೀರು ಎಳೆಯುವುದಿಲ್ಲ, ಬಿಸಿಲಿಲ್ಲ, ಮಣ್ಣು ಒಣಗುವುದೇ ಇಲ್ಲ. ನಮ್ಮ ಹಿತ್ತಲಿನ ಮಣ್ಣೋ ಅಂಟು ಜೇಡಿ. ಆ ತಣ್ಣನೆ ಕೆಸರಿನಲ್ಲಿ ಬುಡ ಕೊಳೆಯುತ್ತದೆ. ಆಮೇಲೆ ಒಂದು ರಾತ್ರಿ ಜೋರು ಚಳಿ ಬಂದರೆ ಹೆಸರು ಚಳಿಗೆ ಬರುತ್ತದೆ.

ಹಾಗಾಗಿ ನನ್ನ ಕೆಲಸ ಶುರುವಾಗಿದ್ದೇ ಮಣ್ಣಿನಿಂದ. ಗುಂಡಿ ತೋಡಿ ನೆಡುವುದಿಲ್ಲ. ನೆಲಕ್ಕಿಂತ ಒಂದಡಿ ಎತ್ತರಕ್ಕೆ ದಿಬ್ಬ ಮಾಡಿ ಅದರ ಮೇಲೆ ನೆಡುತ್ತೇನೆ. ಜೇಡಿಮಣ್ಣಿಗೆ ಸಣ್ಣ ಜಲ್ಲಿ, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಕಲಸುತ್ತೇನೆ. ಜಾಗ ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಪಕ್ಕ. ಹಗಲು ಹೀರಿದ ಬಿಸಿಯನ್ನು ಆ ಗೋಡೆ ರಾತ್ರಿ ಬಿಟ್ಟುಕೊಡುತ್ತದೆ. ಪಶ್ಚಿಮದ ಗಾಳಿಗೆ ಮರದ ಬೇಲಿ ಅಡ್ಡ ಇದೆ. ಗಾಳಿ ತಡೆಯದಿದ್ದರೆ ಬಾಳೆ ಎಲೆ ಜುಲೈ ಮುಗಿಯುವುದರೊಳಗೆ ಚಿಂದಿ. ಗಿಡಕ್ಕೇನೂ ಆಗುವುದಿಲ್ಲ, ಊಟಕ್ಕೆ ಎಲೆ ಸಿಗುವುದಿಲ್ಲ ಅಷ್ಟೇ.

ಈಗ ಹುಲ್ಲಿನ ವಿಷಯ. ಬಾಸ್ಜೂ ಎಲೆ ಮೊದಲ ಫ್ರಾಸ್ಟಿಗೇ, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿಗೇ, ಕಪ್ಪಾಗುತ್ತದೆ. ದಿಂಡು ಮೈನಸ್ ಮೂರೋ ನಾಲ್ಕೋ ಡಿಗ್ರಿ ತನಕ ಹೇಗೋ ತಡೆಯುತ್ತದೆ. ಬುಡದ ಗೆಡ್ಡೆ ಮಾತ್ರ ಗಟ್ಟಿ. ಮೇಲೆ ದಪ್ಪಗೆ ಮುಚ್ಚಿಗೆ ಇದ್ದರೆ ಮೈನಸ್ ಹತ್ತರ ಹತ್ತಿರ ಹೋದರೂ ಬದುಕಿ, ಬೇಸಿಗೆಯಲ್ಲಿ ಕಂದು ಎಬ್ಬಿಸುತ್ತದೆ. ಸೋಮಾರಿಗಳು ಅಲ್ಲಿಗೇ ಬಿಡಬಹುದು. ಆದರೆ ಪ್ರತಿ ವರ್ಷ ನೆಲದಿಂದಲೇ ಶುರುವಾದರೆ ಗಿಡ ಆಳೆತ್ತರ ದಾಟುವುದಿಲ್ಲ. ಎತ್ತರ ಬೇಕೆಂದರೆ ದಿಂಡು ಉಳಿಸಬೇಕು.

ಎಲೆ ಕಪ್ಪಾದ ಮೇಲೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಎಲೆಗಳನ್ನು ದಿಂಡಿನ ಹತ್ತಿರಕ್ಕೆ ಕತ್ತರಿಸುತ್ತೇನೆ. ಸುತ್ತ ಒಂದು ಗೇಣು ಜಾಗ ಬಿಟ್ಟು ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿಯನ್ನು ಉರುಳೆಯ ಹಾಗೆ ನಿಲ್ಲಿಸುತ್ತೇನೆ. ಒಳಗೆ ಒಣಹುಲ್ಲು. ಇಲ್ಲಿ ಭತ್ತದ ಹುಲ್ಲೆಲ್ಲಿ, ಗೋಧಿಯದ್ದೋ ಬಾರ್ಲಿಯದ್ದೋ, ಕುದುರೆ ಸಾಕುವವರ ಹತ್ತಿರ ಸಿಗುತ್ತದೆ. ಕೈಯಿಂದ ಮೆತ್ತಗೆ ತುಂಬಬೇಕು. ಕಾಲಲ್ಲಿ ತುಳಿದು ತುಂಬಿದರೆ ನಡುವೆ ಗಾಳಿಯೇ ಉಳಿಯುವುದಿಲ್ಲ, ಬೆಚ್ಚಗಿಡುವುದು ಆ ಗಾಳಿಯೇ. ಮೇಲೆ ಮಳೆ ಇಳಿಯದ ಹಾಗೆ ಹಳೆಯ ಕಸದ ಡಬ್ಬಿಯ ಮುಚ್ಚಳ, ಅದರ ಮೇಲೊಂದು ಇಟ್ಟಿಗೆ. ಪಕ್ಕಗಳಿಗೆ ಪ್ಲಾಸ್ಟಿಕ್ ಸುತ್ತಬಾರದು. ಸುತ್ತಿದರೆ ಒಳಗೆ ಬೆವರು ನಿಂತು ಹುಲ್ಲೂ ದಿಂಡೂ ಒಟ್ಟಿಗೆ ಕೊಳೆಯುತ್ತವೆ. ಮೇಲಿಂದ ಮುಚ್ಚು, ಪಕ್ಕದಿಂದ ಉಸಿರು. ಇಷ್ಟು ಗೊತ್ತಿದ್ದರೆ ಸಾಕು.

ಬಿಚ್ಚುವುದು ಏಪ್ರಿಲ್ ನಡುವೆ. ದಿಂಡಿನ ತುದಿ ಸ್ವಲ್ಪ ಕೊಳೆತು ನಾರುತ್ತಿರುತ್ತದೆ. ಹೆದರಬೇಡಿ. ಚೂಪಾದ ಚಾಕುವಿನಿಂದ ಬಿಳಿ ಗಟ್ಟಿ ಭಾಗ ಸಿಗುವ ತನಕ ಚೂರು ಚೂರೇ ಕೊಯ್ಯುತ್ತ ಬನ್ನಿ. ಕೆಲವು ದಿನಕ್ಕೆ ನಟ್ಟನಡುವಿನಿಂದ ಸುಳಿ ಮೇಲೇಳುತ್ತದೆ. ಮೇ ನಡುವಿನ ತನಕವೂ ಫ್ರಾಸ್ಟ್ ಬೀಳಬಹುದು, ಆ ರಾತ್ರಿಗಳಿಗೆ ಒಂದು ಬಟ್ಟೆ ಹೊದಿಸಿದರೆ ಆಯಿತು. ಜೂನಿನಿಂದ ಬಾಳೆ ರಾಕ್ಷಸನ ಹಾಗೆ ತಿನ್ನುತ್ತದೆ. ಕೋಳಿ ಗೊಬ್ಬರದ ಗುಳಿಗೆ, ಮೇಲಿಂದ ನೀರು, ಮತ್ತೆ ನೀರು. ಬೇಸಿಗೆಯಲ್ಲಿ ಎಷ್ಟು ಕೊಟ್ಟರೂ ಸಾಲದು.

ಗಿಡದಂಗಡಿಯ ಲೇಬಲ್ ಮೇಲೆ ಎಚ್1ರಿಂದ ಎಚ್7ರ ತನಕ ಒಂದು ಅಂಕೆ ಇರುತ್ತದೆ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಅಳತೆ. ಅಂಕೆ ದೊಡ್ಡದಾದಷ್ಟೂ ಚಳಿ ತಡೆಯುವ ಶಕ್ತಿ ಜಾಸ್ತಿ. ಬಾಸ್ಜೂ ಎಚ್2, ಅಂದರೆ ಸೊನ್ನೆಗಿಂತ ಕೆಳಗಿಳಿದರೆ ಕಷ್ಟ ಅಂತ. ಆಸ್ಟ್ರೇಲಿಯಾದ ಮರಜರಿ ಡಿಕ್ಸೋನಿಯಾ ಎಚ್3. ಕೈ ಬಿಡಿಸಿದಂಥ ಎಲೆಯ ಫ್ಯಾಟ್ಸಿಯಾ ಎಚ್5, ಅಂದರೆ ಮೈನಸ್ ಹದಿನೈದರ ತನಕ. ಲೇಬಲ್ ಹೇಳುವುದು ಬರೀ ಚಳಿಯ ಲೆಕ್ಕ, ನಿಮ್ಮ ಮಣ್ಣಿನಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಅದಕ್ಕೇನು ಗೊತ್ತು?

ಹುಲ್ಲು ಜಾಲರಿ ಯಾರಿಗೆ ಬೇಕಪ್ಪ ಅನ್ನುವವರು ಟ್ರ್ಯಾಕಿಕಾರ್ಪಸ್ ಫಾರ್ಚೂನೈ ನೆಡಿ. ಬೀಸಣಿಗೆ ಎಲೆಯ ಚೀನಾದ ತಾಳೆ, ಇದೂ ಎಚ್5. 1849ರಲ್ಲಿ ಇದನ್ನು ಇಂಗ್ಲೆಂಡಿಗೆ ಕಳಿಸಿದವನು ರಾಬರ್ಟ್ ಫಾರ್ಚೂನ್. ಚೀನಾದಿಂದ ಚಹಾ ಗಿಡಗಳನ್ನು ಗುಟ್ಟಾಗಿ ಹಿಮಾಲಯದ ತಪ್ಪಲಿಗೆ ಸಾಗಿಸಿದನಲ್ಲ, ಅವನೇ. ನಮ್ಮ ತೆಂಗು ಅಡಿಕೆಯ ಗರಿ ಇದಕ್ಕಿಲ್ಲ, ಕಾಂಡದ ತುಂಬ ಒರಟು ನಾರು. ಆದರೂ ಮಂಜು ಬಿದ್ದ ಬೆಳಿಗ್ಗೆ ಹಸಿರಾಗಿ ನಿಂತಿರುತ್ತದೆ. 2022ರ ಡಿಸೆಂಬರಿನ ಚಳಿಗೆ ನಮ್ಮ ಬೀದಿಯ, ತಾಳೆಯ ಹಾಗೆ ಕಾಣುವ ಕಾರ್ಡಿಲೈನ್ ಗಿಡಗಳ ಸುಳಿ ಕೈಗೆ ಕಿತ್ತು ಬಂತು. ಈ ತಾಳೆಗೆ ಎಲೆ ತುದಿಯೂ ಸುಡಲಿಲ್ಲ. ಗಾಳಿ ಜಾಸ್ತಿ ಇರುವ ಜಾಗವಾದರೆ ಇದರದ್ದೇ ಗಿಡ್ಡ, ಗಟ್ಟಿ ಎಲೆಯ ವಾಗ್ನೇರಿಯಾನಸ್ ಒಳ್ಳೆಯದು.

ಬೇಸಿಗೆಯ ಮೆರುಗಿಗೆ ನಾನು ನೆಚ್ಚಿಕೊಂಡಿರುವುದು ಊರಿನ ಪರಿಚಯದವರನ್ನೇ. ಕಾಬಾಳೆ, ಡೇಲಿಯಾ, ಕೆಂಪು ದಂಟು. ಎಲ್ಲಕ್ಕಿಂತ ಮುಖ್ಯ ಔಡಲ. ಇಲ್ಲಿ ಇದರ ಬೀಜ ಅಲಂಕಾರದ ಗಿಡ ಅಂತ ಬಣ್ಣದ ಪೊಟ್ಟಣದಲ್ಲಿ ಮಾರುತ್ತಾರೆ. ವೀಡಿಯೊ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಅಯ್ಯೋ, ಅದು ರಸ್ತೆ ಬದಿ ಹರಳು ಗಿಡ ಕಣೋ, ದುಡ್ಡು ಕೊಟ್ಟು ತಂದ್ಯಾ?" ಅಂದರು. ಹೌದು, ದುಡ್ಡು ಕೊಟ್ಟೇ ತಂದೆ. ಮಾರ್ಚಿನಲ್ಲಿ ಒಳಗೆ ಬೀಜ ಹಾಕಿ ಜೂನಿಗೆ ಹೊರಗಿಟ್ಟರೆ ಆಗಸ್ಟಿಗೆ ಆಳೆತ್ತರ, ಕೆಂಪು ಎಲೆ. ಬೀಜ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಹೂಗೊಂಚಲು ಬಂದ ಹಾಗೇ ಚಿವುಟಿ ಹಾಕಿ.

ಈ ಹುಚ್ಚು ಇಂಗ್ಲಿಷರಿಗೆ ಹಳೆಯದು. ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನಲ್ಲಿ 1864ರಲ್ಲೇ ಜಾನ್ ಗಿಬ್ಸನ್ ಇಂಥ ದೊಡ್ಡ ಎಲೆಯ ಗಿಡಗಳ ತೋಟ ಮಾಡಿದ್ದ. ಯುವಕನಾಗಿದ್ದಾಗ ಅದೇ ಚಾಟ್ಸ್‌ವರ್ತಿನ ಪರವಾಗಿ ಖಾಸಿ ಬೆಟ್ಟಗಳಲ್ಲಿ ಗಿಡ ಹುಡುಕಿದವನು ಅವನು. 1993ರಲ್ಲಿ ಸಸೆಕ್ಸಿನ ಗ್ರೇಟ್ ಡಿಕ್ಸ್‌ಟರ್ ಅನ್ನುವ ತನ್ನ ಮನೆಯಲ್ಲಿ ತೋಟಗಾರ ಕ್ರಿಸ್ಟೋಫರ್ ಲಾಯ್ಡ್ ಹಳೆಯ ಗುಲಾಬಿ ತೋಟ ಕಿತ್ತು ಬಾಳೆ, ಕಾಬಾಳೆ ನೆಟ್ಟಾಗ ಕೆಲವರು ಮೂಗು ಮುರಿದರಂತೆ. ನನಗಂತೂ ಆ ತೋಟ ಇಷ್ಟ.

ಒಂದಾಸೆ ಮಾತ್ರ ಬಿಟ್ಟಿದ್ದೇನೆ: ಬಿಳಿ ಸುಗಂಧಿ ಹೂ. ಗಿಡ ಚೆನ್ನಾಗಿ ಬೆಳೆಯುತ್ತದೆ, ಮೊಗ್ಗು ಬರುವಷ್ಟರಲ್ಲಿ ಅಕ್ಟೋಬರ್. ಅದರ ಬದಲು ಅದೇ ಕುಲದ 'ಅಸ್ಸಾಂ ಆರೆಂಜ್' ನೆಟ್ಟೆ. ಗಿಡ ಹುಡುಕುತ್ತ ಅಲೆಯುತ್ತಿದ್ದ ಫ್ರಾಂಕ್ ಕಿಂಗ್ಡನ್-ವಾರ್ಡ್ 1938ರಲ್ಲಿ ಅಸ್ಸಾಂ ಕಡೆಯಿಂದ ತಂದದ್ದು. ಆಗಸ್ಟಿನಲ್ಲೇ ಕಿತ್ತಳೆ ಬಣ್ಣದ ತೆನೆ ಬಿಡುತ್ತದೆ. ಪರಿಮಳ ಅಷ್ಟಕ್ಕಷ್ಟೆ.

ಕೆಸು ಮಾತ್ರ ಕುಂಡದಲ್ಲಿ. ಇಂಡಿಯನ್ ಅಂಗಡಿಯಿಂದ ಮೊಳಕೆ ಕಣ್ಣಿರುವ ಗೆಡ್ಡೆ ಆರಿಸಿ ತಂದು ಮಾರ್ಚಿನಲ್ಲಿ ಬೆಚ್ಚಗಿನ ಕಿಟಕಿಯಲ್ಲಿಡುತ್ತೇನೆ. ಜೂನಿನಲ್ಲಿ ಹೊರಗೆ, ಕೆಳಗೊಂದು ನೀರಿನ ತಟ್ಟೆ. ಬೇಸಿಗೆಯಲ್ಲಿ ಇದಕ್ಕೆ ಕಾಲು ನೆನೆದಿದ್ದರೇ ಖುಷಿ. ಆಗಸ್ಟ್ ಕೊನೆಗೆ ಒಂದು ಸಲ ಪತ್ರೊಡೆಗೆ ಆಗುವಷ್ಟು ಎಲೆ ಸಿಗುತ್ತದೆ. ಹುಣಸೆಹಣ್ಣು ಧಾರಾಳ ಹಾಕಿ. ಅಲಂಕಾರಕ್ಕೆಂದು ಮಾರುವ ಕಪ್ಪು ಕೆಸು, ಅಲೊಕೇಶಿಯಾ ಎಲೆಯಲ್ಲಿ ಮಾತ್ರ ಈ ಸಾಹಸ ಬೇಡ. ಅಕ್ಟೋಬರಿನಲ್ಲಿ ಕುಂಡ ಒಳಗೆ ತಂದು ನೀರು ನಿಲ್ಲಿಸುತ್ತೇನೆ.

ಹೊಸದಾಗಿ ಶುರು ಮಾಡುವವರು ಗಿಡವನ್ನು ಮೇ ಕೊನೆಗೆ ಕೊಳ್ಳಿ. ಸೆಪ್ಟೆಂಬರಿನಲ್ಲಿ ಅಂಗಡಿಯವರು ಬಾಳೆಯನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಆದರೆ ಆಗ ನೆಟ್ಟರೆ ಬೇರು ಇಳಿಯುವ ಮೊದಲೇ ಮಳೆ ಚಳಿ ಹಿಡಿಯುತ್ತದೆ, ಕುಂಡವನ್ನು ಒಳಗಿಡಲು ಜಾಗ ಇದ್ದವರು ಮಾತ್ರ ಆಗ ತನ್ನಿ.