ಪ್ರೆಷರ್ ಟ್ಯಾಂಕಿಗೆ ಮತ್ತೆ ಗಾಳಿ ತುಂಬಿದ ನನ್ನ ಅನುಭವ

ಒಂದು ಬಕೆಟ್ ನೀರು ತುಂಬುವಷ್ಟರಲ್ಲಿ ನಮ್ಮ ಮನೆಯ ಬಾವಿಯ ಪಂಪು ಎರಡು ಮೂರು ಸಲ ಚಾಲೂ ಆಗಿ ನಿಲ್ಲತೊಡಗಿದಾಗ, ನಾನು ಮೊದಲು ಅನುಮಾನಪಟ್ಟದ್ದು ನೀರಿನ ಒತ್ತಡಕ್ಕೆ ತಕ್ಕಂತೆ ಪಂಪನ್ನು ತಾನಾಗಿ ಚಾಲೂ ಮಾಡಿ ನಿಲ್ಲಿಸುವ ಪ್ರೆಷರ್ ಸ್ವಿಚ್ಚನ್ನು. ಮುಚ್ಚಳ ತೆಗೆದು ನೋಡಿದರೆ ಅದರ ಸಂಪರ್ಕ ಬಿಂದುಗಳು ಸುಟ್ಟು ಕಪ್ಪಾಗಿ ಗುಳಿ ಬಿದ್ದಿದ್ದವು. ಕಾರಣ ಸಿಕ್ಕಿತೆಂದು ನಂಬಿ ಹೊಸ ಸ್ವಿಚ್ಚು ಹಾಕಿಸಿದೆ. ಆದರೆ ಟಕ್ ಟಕ್ ಸದ್ದು ಅದೇ ಲಯದಲ್ಲಿ ಮುಂದುವರಿಯಿತು. ಸ್ವಿಚ್ಚು ಹಾಳಾದದ್ದರಿಂದ ಪಂಪು ಹೀಗೆ ವರ್ತಿಸುತ್ತಿರಲಿಲ್ಲ, ಪಂಪು ಹೀಗೆ ವರ್ತಿಸುತ್ತಿದ್ದುದರಿಂದಲೇ ಸ್ವಿಚ್ಚು ಹಾಳಾಗಿತ್ತು ಎಂಬುದು ತಿಳಿದದ್ದು ಪಕ್ಕದಲ್ಲೇ ನಿಂತಿದ್ದ ಪ್ರೆಷರ್ ಟ್ಯಾಂಕನ್ನು ಪರೀಕ್ಷಿಸಿದ ಮೇಲೆ.

ಈ ಟ್ಯಾಂಕಿನ ಒಳಗೆ ದಪ್ಪ ರಬ್ಬರಿನ ಚೀಲವೊಂದಿದೆ. ನೀರು ಚೀಲದೊಳಗೆ ತುಂಬುತ್ತದೆ. ಚೀಲಕ್ಕೂ ಉಕ್ಕಿನ ಗೋಡೆಗೂ ನಡುವೆ ಗಾಳಿ ಇರುತ್ತದೆ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗಿದಂತೆಯೇ ಕಾಣುವುದಿಲ್ಲ, ಗಾಳಿ ಮಾತ್ರ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ಪಂಪು ನಿಂತಿರುವಾಗ ನಲ್ಲಿಯಲ್ಲಿ ನೀರು ಬರುವುದು ಈ ಗಾಳಿಯ ತಳ್ಳುವಿಕೆಯಿಂದಲೇ. ನಮ್ಮ ಸ್ವಿಚ್ಚು 30 ಪಿಎಸ್‌ಐಗೆ ಪಂಪನ್ನು ಚಾಲೂ ಮಾಡಿ 50ಕ್ಕೆ ನಿಲ್ಲಿಸುತ್ತದೆ (ಪಿಎಸ್‌ಐ ಎಂದರೆ ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಎಂದು ಒತ್ತಡವನ್ನು ಅಳೆಯುವ ಮಾನ). ಟ್ಯಾಂಕು ಖಾಲಿ ಇದ್ದಾಗ ಅದರ ಗಾಳಿಯ ಒತ್ತಡ, ಪಂಪು ಚಾಲೂ ಆಗುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ, ಅಂದರೆ 28 ಇರಬೇಕು ಎಂಬುದು ರೂಢಿಯ ನಿಯಮ. ವಾತಾವರಣದ ಒತ್ತಡವಾದ 14.7ನ್ನು ಕೂಡಿಸಿಕೊಂಡು ಬಾಯ್ಲ್ ನಿಯಮದಂತೆ (ಒತ್ತಡ ಏರಿದಷ್ಟೇ ಪ್ರಮಾಣದಲ್ಲಿ ಗಾಳಿಯ ಗಾತ್ರ ಕುಗ್ಗುತ್ತದೆ) ಲೆಕ್ಕ ಹಾಕಿದರೆ, 100 ಲೀಟರಿನ ಟ್ಯಾಂಕಿನಲ್ಲಿ 30 ಪಿಎಸ್‌ಐ ಇರುವಾಗ ಗಾಳಿ ಸುಮಾರು 95 ಲೀಟರ್ ಜಾಗ ಹಿಡಿಯುತ್ತದೆ, 50ಕ್ಕೆ ಏರಿದಾಗ 66ಕ್ಕೆ ಕುಗ್ಗುತ್ತದೆ. ಇವೆರಡರ ಅಂತರವಾದ 29 ಲೀಟರೇ ಪಂಪಿನ ನೆರವಿಲ್ಲದೆ ನಮಗೆ ದಕ್ಕುವ ನೀರು. ಟ್ಯಾಂಕಿನ ಮೇಲೆ ಬರೆದಿರುವ ಗಾತ್ರವನ್ನು ನೋಡಿ ಅಷ್ಟೂ ನೀರು ಸಂಗ್ರಹದಲ್ಲಿದೆ ಎಂದು ನಾನು ವರ್ಷಗಟ್ಟಲೆ ಭಾವಿಸಿದ್ದೆ. ಅದರ ಮೂರನೆಯ ಒಂದು ಭಾಗವೂ ಇಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಯಿತು.

ಟ್ಯಾಂಕು ನಿಜವಾಗಿ ಎಷ್ಟು ಕೊಡುತ್ತಿದೆ ಎಂದು ತಿಳಿಯಲು ಪಂಪು ತಾನಾಗಿ ನಿಂತ ಕ್ಷಣದಿಂದ ಮತ್ತೆ ಚಾಲೂ ಆಗುವವರೆಗೆ ಒಂದೇ ನಲ್ಲಿಯಿಂದ ನೀರು ಹಿಡಿದು ಅಳೆದೆ. ಬಂದದ್ದು 3 ಲೀಟರ್ ಮಾತ್ರ. ನಮ್ಮ ಪಂಪು ನಿಮಿಷಕ್ಕೆ ಸುಮಾರು 30 ಲೀಟರ್ ಎತ್ತುವುದರಿಂದ, ನಲ್ಲಿ ಮುಚ್ಚಿದ್ದರೆ ಆ 3 ಲೀಟರ್ ತುಂಬಲು ಅದು ಓಡುವುದು ಬರೀ 6 ಸೆಕೆಂಡು. ಮೋಟಾರು ಚಾಲೂ ಆಗುವಾಗ ಎಳೆಯುವ ವಿದ್ಯುತ್ ಪ್ರವಾಹ ಸಾಮಾನ್ಯ ಓಟದ ಹಲವು ಪಟ್ಟು. ಆ ಬಿಸಿ ಆರುವ ಮೊದಲೇ ಮತ್ತೊಮ್ಮೆ ಚಾಲೂ ಆದರೆ ಸುರುಳಿಯೂ ಕೆಪಾಸಿಟರೂ ಬೇಗ ಸೋಲುತ್ತವೆ. ಸಣ್ಣ ಮೋಟಾರು ಒಮ್ಮೆ ಚಾಲೂ ಆದರೆ ಕನಿಷ್ಠ ಒಂದು ನಿಮಿಷವಾದರೂ ಓಡಬೇಕು ಎನ್ನುವುದು ಇದೇ ಕಾರಣಕ್ಕೆ. ಬಾವಿಯೊಳಗಿನ ಪಂಪನ್ನು ಮೇಲೆತ್ತಿ ದುರಸ್ತಿ ಮಾಡಿಸುವ ಕಷ್ಟವನ್ನು ಬಲ್ಲವರು ಈ 6 ಸೆಕೆಂಡನ್ನು ಲಘುವಾಗಿ ಕಾಣಲಾರರು.

ಇಲ್ಲಿಯೇ ನಾನು ಎರಡನೆಯ ತಪ್ಪು ಮಾಡಿದೆ. ಟ್ಯಾಂಕಿನ ನೆತ್ತಿಯಲ್ಲಿ ವಾಹನದ ಟಯರಿನಲ್ಲಿರುವಂಥದೇ ಗಾಳಿ ವಾಲ್ವ್ ಇದೆ. ಅದಕ್ಕೆ ಟಯರ್ ಗೇಜ್ ಹಿಡಿದಾಗ 46 ತೋರಿಸಿತು. 28 ಬೇಕಾದ ಕಡೆ 46 ಇದೆಯಲ್ಲ, ಗಾಳಿ ಧಾರಾಳವಾಗಿದೆ ಎಂದುಕೊಂಡು ಸುಮ್ಮನಾದೆ. ಟ್ಯಾಂಕಿನಲ್ಲಿ ನೀರಿರುವಾಗ ಚೀಲದ ಎರಡೂ ಬದಿಯ ಒತ್ತಡ ಒಂದೇ ಆಗಿರುತ್ತದೆ; ಗಾಳಿ ಒಂದು ಹಿಡಿಯಷ್ಟೇ ಉಳಿದಿದ್ದರೂ ಗೇಜ್ ನೀರಿನ ಒತ್ತಡವನ್ನೇ ಓದಿ ಹೇಳುತ್ತದೆ. ನೀರಿನ ಒತ್ತಡವನ್ನು ಪೂರ್ತಿ ಸೊನ್ನೆಗೆ ಇಳಿಸದೆ ಮಾಡಿದ ಅಳತೆಗೆ ಬೆಲೆಯೇ ಇಲ್ಲ. ಈ ಒಂದು ಸಂಗತಿ ಗೊತ್ತಿಲ್ಲದ್ದರಿಂದ ನನಗೆ ಎರಡು ವಾರ ವ್ಯರ್ಥವಾದವು.

ಮುಂದಿನ ಸಲ ಕ್ರಮವಾಗಿ ಮಾಡಿದೆ. ಮೊದಲು ಪಂಪಿನ ವಿದ್ಯುತ್ತನ್ನು ಬ್ರೇಕರಿನಲ್ಲೇ ಕಡಿದೆ, ಏಕೆಂದರೆ ಒತ್ತಡ ಇಳಿಯುತ್ತಿದ್ದಂತೆ ಪಂಪು ತಾನಾಗಿ ಚಾಲೂ ಆಗಲು ಹವಣಿಸುತ್ತದೆ. ಅನಂತರ ಟ್ಯಾಂಕಿನ ಬುಡದ ಡ್ರೈನ್ ನಲ್ಲಿಯನ್ನು ತೆರೆದು, ಹರಿವು ನಿಂತ ಮೇಲೂ ಅದನ್ನು ತೆರೆದೇ ಇಟ್ಟೆ. ವಾಲ್ವಿನ ಮುಳ್ಳನ್ನು ಒತ್ತಿ ನೋಡಿದೆ. ಅಲ್ಲಿಂದ ನೀರು ಚಿಮ್ಮಿದ್ದರೆ ಚೀಲ ಹರಿದಿದೆ ಎಂದರ್ಥ, ಆಗ ಗಾಳಿ ತುಂಬಿ ಪ್ರಯೋಜನವಿಲ್ಲ. ಚೀಲವನ್ನೋ ಟ್ಯಾಂಕನ್ನೋ ಬದಲಿಸಬೇಕು. ನಮ್ಮದರಲ್ಲಿ ನೀರು ಬರಲಿಲ್ಲ, ಗಾಳಿಯ ಉಸಿರೂ ಬರಲಿಲ್ಲ. ಟಯರ್ ಗೇಜ್ ಸೊನ್ನೆ ತೋರಿಸಿತು.

ಹೀಗೆ ಬರಿದಾದ ಟ್ಯಾಂಕು ಹಗುರವಾಗಿರಬೇಕಿತ್ತು, ಆದರೆ ಅಲುಗಿಸಿದರೆ ಕದಲಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ನೆತ್ತಿಯ ಬಳಿ ಮಾತ್ರ ಪೊಳ್ಳು ಸದ್ದು, ಕೆಳಗೆಲ್ಲ ಮಂದವಾದ ಸದ್ದು ಬಂತು. ತಳ್ಳುವ ಗಾಳಿ ಇಲ್ಲದ ಕಾರಣ ಚೀಲದ ನೀರು ಹೊರಗೆ ಬಾರದೆ ಅಲ್ಲೇ ಕುಳಿತಿತ್ತು. ನಾನು ಸಣ್ಣ ಕಂಪ್ರೆಸರಿನಿಂದ ಗಾಳಿ ಬಿಡುತ್ತ ಹೋದಂತೆ, ನಿಂತುಹೋಗಿದ್ದ ಡ್ರೈನ್ ನಲ್ಲಿಯಲ್ಲಿ ಮತ್ತೆ ನೀರು ಹರಿಯತೊಡಗಿತು, ಮೊದಲು ಕಂದು ಬಣ್ಣದ ಕೆಸರು, ಆಮೇಲೆ ತಿಳಿನೀರು. ಗಾಳಿ ತುಂಬುವಾಗ ಡ್ರೈನ್ ಮುಚ್ಚಬಾರದು ಎಂಬ ಮಾತಿನ ಅರ್ಥ ಆಗ ನನಗೆ ಪೂರ್ತಿಯಾಗಿ ಮನದಟ್ಟಾಯಿತು: ಮುಚ್ಚಿದ್ದರೆ ಉಳಿದ ನೀರಿನ ಮೇಲೆಯೇ ಒತ್ತಡ ಏರಿ, ಗಾಳಿ ಅರ್ಧದಷ್ಟಿದ್ದರೂ ಗೇಜ್ 28 ತೋರಿಸಿಬಿಡುತ್ತಿತ್ತು.

ಸೈಕಲ್ ಪಂಪಿನಿಂದಲೂ ಈ ಕೆಲಸ ಆಗುತ್ತದೆ, ಆದರೆ 100 ಲೀಟರಿನ ಟ್ಯಾಂಕನ್ನು ಸೊನ್ನೆಯಿಂದ 28 ಪಿಎಸ್‌ಐಗೆ ಏರಿಸಲು ಹೊರಗಿನ ಗಾಳಿ ಸುಮಾರು 190 ಲೀಟರ್ ಬೇಕು, ಅಂದರೆ ನೂರಾರು ಸಲ ಒತ್ತಬೇಕು. ಕಂಪ್ರೆಸರ್ ಬಳಸುವವರು ಸ್ವಲ್ಪ ತುಂಬಿ, ನಿಲ್ಲಿಸಿ, ಅಳೆದು ಮುಂದುವರಿಯುವುದು ಕ್ಷೇಮ. ಟ್ಯಾಂಕಿನ ಪಟ್ಟಿಯಲ್ಲಿ ಅಚ್ಚಾದ ಗರಿಷ್ಠ ಒತ್ತಡವನ್ನು ಯಾವ ಕಾರಣಕ್ಕೂ ಮೀರಬಾರದು; ತುಕ್ಕು ಹಿಡಿದು ಗೋಡೆ ತೆಳುವಾದ ಟ್ಯಾಂಕಿಗಂತೂ ಗಾಳಿ ತುಂಬುವ ಪ್ರಯತ್ನವೇ ಸಲ್ಲದು.

28ಕ್ಕೆ ತಂದ ಮೇಲೆ ವಾಲ್ವಿನ ಬಾಯಿಗೆ ಸಾಬೂನು ನೀರು ಹಚ್ಚಿದೆ. ಸಣ್ಣ ಗುಳ್ಳೆಯೊಂದು ನಿಧಾನವಾಗಿ ಊದಿಕೊಂಡು ಒಡೆಯಿತು, ಮತ್ತೊಂದು ಹುಟ್ಟಿತು. ಅಷ್ಟೂ ಗಾಳಿ ಸೋರಿಹೋದದ್ದು ಈ ದಾರಿಯಲ್ಲಿ. ವಾಲ್ವಿನ ಒಳಮುಳ್ಳನ್ನು ಬದಲಿಸಲು ಗಾಳಿಯನ್ನೆಲ್ಲ ಬಿಟ್ಟು ಮತ್ತೆ ತುಂಬಬೇಕಾಯಿತು. ಆದ್ದರಿಂದ ಈ ಪರೀಕ್ಷೆಯನ್ನು 5 ಪಿಎಸ್‌ಐ ಏರಿದೊಡನೆ ಮಾಡಿಕೊಳ್ಳುವುದು ಜಾಣತನ. ವಾಲ್ವಿನ ಟೋಪಿಯನ್ನೂ ತಪ್ಪದೆ ಬಿಗಿಯಬೇಕು, ನಮ್ಮದು ಎಂದೋ ಕಳೆದುಹೋಗಿತ್ತು.

ಡ್ರೈನ್ ಮುಚ್ಚಿ ಪಂಪನ್ನು ಚಾಲೂ ಮಾಡಿದಾಗ ಎಲ್ಲವೂ ಸರಿಯಾಯಿತೆಂದು ತೋರಿದರೂ ಒಂದು ತೊಡಕು ಉಳಿದಿತ್ತು. ಪಂಪು ಚಾಲೂ ಆಗುವ ಮುಂಚೆ ಕ್ಷಣಕಾಲ ನಲ್ಲಿಯ ಧಾರೆ ಪೂರ್ತಿ ಸತ್ತು ಮತ್ತೆ ಬರುತ್ತಿತ್ತು. ಪಂಪಿಗೆ ಕರೆ ಹೋಗುವ ಮೊದಲೇ ಚೀಲ ಬರಿದಾಗುತ್ತಿದೆ, ಅಂದರೆ ಗಾಳಿಯ ಒತ್ತಡ ಚಾಲೂ ಒತ್ತಡಕ್ಕಿಂತ ಹೆಚ್ಚಾಗಿದೆ ಎಂಬುದಕ್ಕೆ ಇದೇ ಗುರುತು. 28 ತುಂಬಿದ್ದೆನಲ್ಲ ಎಂದು ಯೋಚಿಸಿದಾಗ ನೆನಪಾಯಿತು: ಟ್ಯಾಂಕು ಬರಿದಾಗಿದ್ದಾಗಲೂ ಸ್ವಿಚ್ಚಿನ 30, 50ನ್ನು ನಾನು ಓದುತ್ತಿದ್ದ ಪೈಪಿನ ಗೇಜಿನ ಮುಳ್ಳು ಸೊನ್ನೆಗೆ ಬಾರದೆ 4ರ ಮೇಲೆ ನಿಂತಿತ್ತು. ಅದು 30 ಎಂದು ತೋರಿಸುತ್ತಿದ್ದುದು ನಿಜದಲ್ಲಿ 26. ಕೇವಲ 2 ಪಿಎಸ್‌ಐ ಅಂತರವನ್ನು ನೆಚ್ಚಿದ ವ್ಯವಸ್ಥೆಯಲ್ಲಿ ಎರಡು ಗೇಜುಗಳು 4 ಪಿಎಸ್‌ಐ ಭಿನ್ನವಾಗಿ ನುಡಿದರೆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಹೊಸ ಗೇಜ್ ಹಾಕಿ, ಸ್ವಿಚ್ಚಿನ ದೊಡ್ಡ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದು ಚಾಲೂ ಒತ್ತಡವನ್ನು ನಿಜವಾದ 30ಕ್ಕೆ ತಂದೆ. ದೊಡ್ಡ ನಟ್ಟು ಚಾಲೂ ಮತ್ತು ನಿಲುಗಡೆಯ ಒತ್ತಡಗಳೆರಡನ್ನೂ ಒಟ್ಟಿಗೆ ಸರಿಸುತ್ತದೆ, ಸಣ್ಣದು ಅವೆರಡರ ಅಂತರವನ್ನು ಮಾತ್ರ ಬದಲಿಸುತ್ತದೆ. ಸಣ್ಣದನ್ನು ನಾನು ಮುಟ್ಟಲಿಲ್ಲ. ಮತ್ತೆ ಬಕೆಟ್ ಹಿಡಿದು ಅಳೆದಾಗ 28 ಲೀಟರ್ ಬಂತು, ಪಂಪು ಹೆಚ್ಚುಕಡಿಮೆ ಒಂದು ನಿಮಿಷ ಓಡಿತು.

ಚೀಲವಿಲ್ಲದ ಹಳೆಯ ತಗಡಿನ ಟ್ಯಾಂಕುಗಳಲ್ಲಿ ಗಾಳಿ ನೇರವಾಗಿ ನೀರಿಗೆ ತಾಗಿ ಅದರಲ್ಲೇ ಕರಗಿಹೋಗುತ್ತದೆ. ಅವುಗಳಲ್ಲಿ ಗಾಳಿಯನ್ನು ಮತ್ತೆ ಮತ್ತೆ ಕೂಡಿಸಬೇಕಾಗುತ್ತದೆ: ವಿದ್ಯುತ್ ಕಡಿದು, ಮೇಲಿನ ಪ್ಲಗ್ಗನ್ನೋ ಎತ್ತರದ ನಲ್ಲಿಯನ್ನೋ ತೆರೆದು, ಕೆಳಗಿನಿಂದ ಪೂರ್ತಿ ನೀರು ಬಿಟ್ಟು ಒಳಗೆ ಗಾಳಿ ತುಂಬಿಕೊಳ್ಳಲು ಬಿಟ್ಟರೆ ಸಾಕು.

ಈಗ ಆರು ತಿಂಗಳಿಗೊಮ್ಮೆ ಟ್ಯಾಂಕನ್ನು ಬರಿದು ಮಾಡಿ ಗಾಳಿ ಅಳೆದು, ದಿನಾಂಕದೊಡನೆ ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಟಿಸಿದ ಕಾಗದದಲ್ಲಿ ಬರೆದಿಡುತ್ತೇನೆ. ಒಂದೆರಡು ಪಿಎಸ್‌ಐ ಇಳಿದಿದ್ದರೆ ತುಂಬುತ್ತೇನೆ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಮತ್ತೆ ಸಾಬೂನು ನೀರಿನ ಪರೀಕ್ಷೆ. ಅದೇ ದಿನ ಸ್ವಿಚ್ಚಿಗೆ ಒತ್ತಡ ಒಯ್ಯುವ ಸಪೂರ ಕೊಳವೆಯನ್ನೂ ಬಿಚ್ಚಿ ತಂತಿಯಿಂದ ಶುಚಿಗೊಳಿಸುತ್ತೇನೆ, ಏಕೆಂದರೆ ಕಬ್ಬಿಣದ ಅಂಶವಿರುವ ನೀರಿನಲ್ಲಿ ಅದು ಕಟ್ಟಿಕೊಂಡರೆ ಸ್ವಿಚ್ಚಿಗೆ ಒತ್ತಡ ತಡವಾಗಿ ತಿಳಿಯುತ್ತದೆ. ಎಲ್ಲ ಮುಗಿದ ಮೇಲೆ, ರಾತ್ರಿ ಯಾರೂ ನೀರು ಬಳಸದಾಗ ಪಂಪು 50ಕ್ಕೆ ನಿಂತ ನಂತರ ಅದರ ವಿದ್ಯುತ್ ಕಡಿದು ಗೇಜನ್ನು ಬರೆದಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ನೀರು ಎಲ್ಲೋ ಸೋರುತ್ತಿದೆ, ಇಲ್ಲವೇ ನೀರನ್ನು ಒಂದೇ ದಿಕ್ಕಿಗೆ ಬಿಡಬೇಕಾದ ನಾನ್ ರಿಟರ್ನ್ ವಾಲ್ವ್ ಮೂಲಕ ಬಾವಿಗೆ ಮರಳುತ್ತಿದೆ. ಮನೆಯ ಕಡೆಯ ವಾಲ್ವನ್ನು ಮುಚ್ಚಿ ಮತ್ತೊಂದು ರಾತ್ರಿ ಕಾದರೆ ಅದು ಯಾವ ಬದಿಯ ದೋಷವೆಂದು ತಿಳಿಯುತ್ತದೆ.