ಹಾಲು ಹಲ್ಲಿಗೆ ರೂಟ್ ಕೆನಾಲ್: ಮಗುವನ್ನು ಸಿದ್ಧಗೊಳಿಸುವುದು ಹೇಗೆ?

‘ಬೀಳೋ ಹಲ್ಲಿಗೆ ಇಷ್ಟೆಲ್ಲ ಯಾಕೆ? ಕೀಳಿಸಿಬಿಟ್ರೆ ಆಯ್ತಲ್ಲ.’ ಆರು ವರ್ಷದ ಮಗಳ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ಮನೆಯಲ್ಲಿ ಅತ್ತೆ ಕೇಳಿದ್ದು ಹೀಗೆ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಇದನ್ನು ಕೇಳದವರಿಲ್ಲ. ನನಗೂ ಹಾಗೇ ಅನ್ನಿಸಿತ್ತು. ಎರಡು ತಿಂಗಳು ಲವಂಗದ ಎಣ್ಣೆ ಹಚ್ಚುತ್ತಾ ಕಾಲ ಕಳೆದಿದ್ದೆ. ಆಷಾಢದ ಜಡಿಮಳೆಯ ಒಂದು ರಾತ್ರಿ ಮಗು ಕೆನ್ನೆ ಹಿಡಿದುಕೊಂಡು ಎದ್ದು ಕೂತಳು, ಬೆಳಗಿನವರೆಗೂ ಮಲಗಲಿಲ್ಲ.

ಅತ್ತೆಯ ಪ್ರಶ್ನೆಗೆ ಉತ್ತರ ಹಲ್ಲು ಬೀಳುವ ವಯಸ್ಸಿನಲ್ಲಿದೆ. ಬಾಯಿಯ ಮುಂಭಾಗದ ಹಾಲು ಹಲ್ಲು ಆರೇಳು ವರ್ಷಕ್ಕೇ ಬೀಳುತ್ತದೆ, ನಿಜ. ಆದರೆ ಒಟ್ಟು 20 ಹಾಲು ಹಲ್ಲುಗಳಲ್ಲಿ ದವಡೆಯ ಎಂಟು ಹಲ್ಲುಗಳು 9ರಿಂದ 12 ವರ್ಷದವರೆಗೂ ಇರಬೇಕಾದವು. ಅಷ್ಟು ದಿನ ಮಗು ಅಗಿಯುವುದು ಅವುಗಳಿಂದಲೇ. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿಡುವುದೂ ಅವೇ. ಬೇಗ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ಮುಚ್ಚಿಕೊಳ್ಳುತ್ತದೆ, ಆಮೇಲೆ ಬರುವ ಹಲ್ಲು ಓರೆಯಾಗುತ್ತದೆ.

ಮೊದಲು ನೋವಿನ ಗುಣ ನೋಡಿ

ಸಿಹಿ ತಿಂದಾಗ, ತಣ್ಣೀರು ಕುಡಿದಾಗ ಚುಳುಕ್ ಎಂದು ನಿಂತುಹೋಗುವ ನೋವಿಗೆ ಎಷ್ಟೋ ಸಲ ಸಿಮೆಂಟ್ ತುಂಬಿದರೆ ಸಾಕಾಗುತ್ತದೆ. ಏನೂ ತಿನ್ನದಿದ್ದರೂ, ಅದರಲ್ಲೂ ರಾತ್ರಿ, ತಾನಾಗಿ ಬರುವ ನೋವು ಹುಳುಕು ಹಲ್ಲಿನೊಳಗಿನ ನರದವರೆಗೂ ಹೋಗಿರುವುದರ ಗುರುತು. ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು ಕೀವು ಹೋದಾಗ ನೋವು ತಣ್ಣಗಾಗುತ್ತದೆ. ವಾಸಿಯಾಯಿತು ಎಂದುಕೊಳ್ಳಬೇಡಿ, ಸೋಂಕು ಬೇರಿನಲ್ಲೇ ಇರುತ್ತದೆ. ಮುಖ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಲವಂಗದ ಎಣ್ಣೆ ನೇರವಾಗಿ ತಾಗಿದರೆ ವಸಡು ಸುಡುತ್ತದೆ, ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಪ್ಯಾರಸಿಟಮಾಲ್ ಕೂಡ ಮಗುವಿನ ತೂಕ ನೋಡಿ ಡಾಕ್ಟರು ಹೇಳಿದ ಅಳತೆಯಲ್ಲೇ ಇರಲಿ.

ಯಾವ ಹಲ್ಲು ಎಂದು ಕೇಳಿ

ತುಂಬ ಜನ ಎಡವುವುದು ಇಲ್ಲೇ. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬಾರದು. ‘ಇದೂ ಬೀಳೋದೇ’ ಎಂದು ಬಿಟ್ಟು ಕಳೆದುಕೊಂಡವರನ್ನು ನೋಡಿದ್ದೇನೆ. ಆ ಹಲ್ಲಿನ ಬೇರು ಪೂರ್ತಿ ಬೆಳೆಯಲು ಮೂಡಿದ ಮೇಲೆ ಇನ್ನೂ ಸುಮಾರು ಮೂರು ವರ್ಷ ಬೇಕು. ಹಾಗಾಗಿ ಅದರ ಚಿಕಿತ್ಸೆಯೇ ಬೇರೆ, ನರವನ್ನು ಆದಷ್ಟು ಜೀವಂತ ಉಳಿಸಲು ನೋಡುತ್ತಾರೆ.

ಹಾಲು ಹಲ್ಲಾದರೆ ಎಕ್ಸ್‌ರೇ ನೋಡಿ ಡಾಕ್ಟರು ನಿರ್ಧರಿಸುತ್ತಾರೆ. ಸೋಂಕು ಮೇಲ್ಭಾಗದಲ್ಲಷ್ಟೇ ಇದ್ದರೆ ಆ ಭಾಗದ ನರ ತೆಗೆದು ಔಷಧಿ ಇಡುವುದು ಪಲ್ಪಾಟಮಿ. ಬೇರಿಗೂ ಇಳಿದಿದ್ದರೆ ಪೂರ್ತಿ ಶುಚಿ ಮಾಡುವುದು ಪಲ್ಪೆಕ್ಟಮಿ, ಹಾಲು ಹಲ್ಲಿನ ರೂಟ್ ಕೆನಾಲ್ ಎಂದರೆ ಇದೇ. ಹಾಲು ಹಲ್ಲು ಬೀಳುವ ಮೊದಲು ಅದರ ಬೇರು ತಾನಾಗಿ ಕರಗುತ್ತಾ ಬರುತ್ತದೆ. ಅದು ಆಗಲೇ ಕರಗಿದ್ದರೆ ಕೀಳುವುದೇ ಸರಿ, ಆಗ ಜಾಗ ಕಾಯುವ ಕ್ಲಿಪ್ಪು ಬೇಕೇ ಎಂದು ಕೇಳಿ. ಹೃದಯದ ತೊಂದರೆ, ಉಬ್ಬಸ, ಔಷಧಿ ಅಲರ್ಜಿ ಇದ್ದರೆ ಮುಚ್ಚಿಡಬೇಡಿ.

ಹೊರಡುವ ದಿನ

ಮಗುವಿಗೆ ಸುಳ್ಳು ಹೇಳಬೇಡಿ. ‘ಏನೂ ಮಾಡಲ್ಲ, ಸುಮ್ನೆ ನೋಡ್ತಾರೆ’ ಎಂದು ಕರೆದುಕೊಂಡು ಹೋದರೆ ಮುಂದಿನ ಸಲ ಅದು ಬಾಯಿಯೇ ತೆರೆಯುವುದಿಲ್ಲ. ‘ಸೂಜಿ’, ‘ಕೊರೆಯೋದು’ ಎಂಬ ಮಾತುಗಳನ್ನೂ ಆಡಬೇಡಿ. ‘ಹಲ್ಲು ಸ್ವಲ್ಪ ಹೊತ್ತು ಮಲಗುತ್ತೆ, ಆಗ ಹುಳುಕು ತೊಳೀತಾರೆ, ನೋವಾದ್ರೆ ಎಡಗೈ ಎತ್ತು’ ಎಂದೆವು. ಮಗಳು ಎರಡು ಸಲ ಕೈ ಎತ್ತಿದಳು, ಎರಡೂ ಸಲ ಡಾಕ್ಟರು ನಿಲ್ಲಿಸಿದರು. ಅಷ್ಟಕ್ಕೇ ಅವಳಿಗೆ ಧೈರ್ಯ ಬಂತು.

ಒಳಗೆ ನಡೆಯುವುದು ಇಷ್ಟು: ವಸಡಿಗೆ ಜೆಲ್ ಹಚ್ಚಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು, ಸಣ್ಣ ಫೈಲುಗಳಿಂದ ಬೇರು ಶುಚಿ ಮಾಡಿ ತೊಳೆಯುತ್ತಾರೆ. ಬಳಿಕ ಬೇರಿನ ಜೊತೆಗೇ ಕರಗಿಹೋಗುವ ಪೇಸ್ಟ್ ತುಂಬುತ್ತಾರೆ. ದೊಡ್ಡವರ ಹಲ್ಲಿಗೆ ಹಾಕುವ ಗಟ್ಟಿ ರಬ್ಬರಿನಂಥ ವಸ್ತು ಇಲ್ಲಿ ಸಲ್ಲದು, ಅದು ಕರಗದೆ ಹೊಸ ಹಲ್ಲಿಗೆ ಅಡ್ಡವಾಗುತ್ತದೆ. ಕೊನೆಗೆ ಸ್ಟೀಲ್ ಕ್ಯಾಪ್. ಹಲ್ಲು ಬೀಳುವಾಗ ಅದೂ ಜೊತೆಗೇ ಬೀಳುತ್ತದೆ. ಕ್ಯಾಪಿನ ಖರ್ಚು ಬೇರೆಯೇ ಎಂದು ಮೊದಲೇ ಕೇಳಿಕೊಳ್ಳಿ. ದೂರದ ಹಳ್ಳಿಯವರಾದರೆ ಒಂದೇ ದಿನಕ್ಕೆ ಮುಗಿಯುತ್ತದೆಯೇ ಎಂದೂ ಕೇಳಿ, ಕೆಲವು ಹಲ್ಲಿಗೆ ಎರಡು ಮೂರು ಸಲ ಹೋಗಬೇಕಾಗುತ್ತದೆ.

ವಾಪಸ್ ಬರುವಾಗ

ನಮಗೆ ಯಾರೂ ಹೇಳದ ವಿಷಯ ಇದು. ಶಿವಮೊಗ್ಗದಿಂದ ಬಸ್ ಹತ್ತಿದೆವು. ಸಕ್ರೆಬೈಲು ದಾಟುವಾಗ ಆನೆ ಕಾಣುತ್ತದೇನೋ ಎಂದು ಮಗಳು ಕಿಟಕಿಗೆ ಅಂಟಿಕೊಂಡಿದ್ದಳು. ಮಂಡಗದ್ದೆ ಹತ್ತಿರ ನನ್ನ ಕಡೆ ತಿರುಗಿದಾಗ ಗಲ್ಲದ ಮೇಲೆ ರಕ್ತ. ಹಲ್ಲಿನದೆಂದು ನನ್ನ ಎದೆ ಧಸಕ್ಕೆಂದಿತು. ಕರವಸ್ತ್ರದಿಂದ ಒರೆಸಿ ನೋಡಿದರೆ, ಜೋಮು ಹಿಡಿದ ಕೆಳತುಟಿಯನ್ನು ಅವಳು ದಾರಿಯುದ್ದಕ್ಕೂ ಅಗಿದಿದ್ದಳು. ನೋವೇ ಗೊತ್ತಾಗಿರಲಿಲ್ಲ. ಮರುದಿನ ತುಟಿ ದಪ್ಪಗೆ ಊದಿತು, ಹಲ್ಲಿಗಿಂತ ಅದೇ ಹೆಚ್ಚು ಅಳಿಸಿತು. ಜೋಮು ಎರಡು ಮೂರು ಗಂಟೆ ಇರುತ್ತದೆ. ಅಲ್ಲಿಯವರೆಗೆ ತಿನ್ನಲು ಕೊಡಬೇಡಿ, ಬಿಸಿ ಹಾಲಂತೂ ಬೇಡ, ಮಗುವಿನ ಬಾಯಿಯ ಮೇಲೇ ಕಣ್ಣಿರಲಿ.

ಅಂದು ಗಂಜಿ, ಮಜ್ಜಿಗೆ ಅನ್ನ ಸಾಕು. ಅಗಿಯುವಾಗ ಸ್ವಲ್ಪ ನೋವಿದ್ದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಹೆಚ್ಚಾದರೆ, ಊತ ಬಂದರೆ, ಗುಳ್ಳೆ ಮತ್ತೆ ಎದ್ದರೆ ತಡಮಾಡದೆ ತೋರಿಸಿ. ಕ್ಯಾಪ್ ಸುತ್ತಲೂ ವಸಡಿನ ಅಂಚಿನವರೆಗೆ ನೀವೇ ಬ್ರಶ್ ಮಾಡಿ, ಮೂರು ವರ್ಷ ದಾಟಿದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಶೇಂಗಾ ಚಿಕ್ಕಿ, ಜಗಿಯುವ ಚಾಕೊಲೇಟ್ ದೂರವಿರಲಿ, ಕ್ಯಾಪ್ ಕೀಳುವುದು ಅವೇ. ಕಳಚಿ ಬಂದರೆ ಎಸೆಯಬೇಡಿ. ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಒಂದೆರಡು ದಿನದೊಳಗೆ ಡಾಕ್ಟರ ಬಳಿ ಹೋಗಿ, ಬಹಳ ಸಲ ಅದನ್ನೇ ಮತ್ತೆ ಅಂಟಿಸಲು ಬರುತ್ತದೆ.